ತ.ರಾ.ಸು. ಅವರ ಕಾದಂಬರಿಗಳು ಮತ್ತು ಚಲನಚಿತ್ರ ರೂಪಾಂತರ: ಓದುಗರ ದ್ವಂದ್ವದ ಒಂದು ಚಾರಿತ್ರಿಕ ಅವಲೋಕನ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಕನ್ನಡ ಸಾಂಸ್ಕೃತಿಕ ಚರಿತ್ರೆಯಲ್ಲಿ ಕಾದಂಬರಿ ಮತ್ತು ಚಲನಚಿತ್ರಗಳ ನಡುವಣ ಕೊಡುಕೊಳೆ ಒಂದು ಮುಖ್ಯ ಅಧ್ಯಾಯ. ಈ ಸಂಬಂಧವನ್ನು ಕುರಿತ ಬರವಣಿಗೆಯಲ್ಲಿ ಬಹುಪಾಲು ಕಾದಂಬರಿಕಾರ ಮತ್ತು ನಿರ್ದೇಶಕ ಎಂಬ ಇಬ್ಬರನ್ನೇ ಎದುರುಬದುರಾಗಿ ನಿಲ್ಲಿಸಿ, ಚಿತ್ರವು ಮೂಲಕೃತಿಗೆ ಎಷ್ಟರ ಮಟ್ಟಿಗೆ ನಿಷ್ಠವಾಗಿದೆ ಎಂಬ ಪ್ರಶ್ನೆಯನ್ನು ಎತ್ತಲಾಗಿದೆ. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಕೃತಿಯನ್ನು ಮೊದಲು ಪುಸ್ತಕವಾಗಿ ಓದಿ, ಅನಂತರ ಅದನ್ನೇ ಬೆಳ್ಳಿತೆರೆಯ ಮೇಲೆ ಕಂಡ ಓದುಗ ಅವನು. ಅವನ ಪ್ರತಿಕ್ರಿಯೆ ಬಹುತೇಕ ಇಬ್ಬಗೆಯದು. ತನ್ನ ಮೆಚ್ಚಿನ ಕೃತಿ ನಾಡಿಗೆಲ್ಲ ತಿಳಿಯಿತೆಂಬ ಸಂತೋಷ ಒಂದೆಡೆ. ತಾನು ಓದಿದ್ದು ಇದಲ್ಲ ಎಂಬ ಅಸಮಾಧಾನ ಇನ್ನೊಂದೆಡೆ. ಈ ದ್ವಂದ್ವವು ಅಭಿರುಚಿಯ ಗೊಂದಲವಲ್ಲ, ಒಂದೇ ಕೃತಿಯ ಮೇಲೆ ಎರಡು ಬಗೆಯ ಸ್ವಾಮ್ಯಗಳು ಏರ್ಪಟ್ಟುದರ ಫಲ ಎಂಬುದನ್ನು ಜನಪ್ರಿಯ ಕಾದಂಬರಿಕಾರ ತ.ರಾ. ಸುಬ್ಬರಾಯರ ಕೃತಿಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಹಿನ್ನೆಲೆ

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು (೧೯೨೦–೧೯೮೪) ಟಿ.ಎಸ್. ವೆಂಕಣ್ಣಯ್ಯನವರಂತಹ ವಿದ್ವಾಂಸರನ್ನು ಕನ್ನಡಕ್ಕೆ ನೀಡಿದ ತಳುಕಿನ ಮನೆತನಕ್ಕೆ ಸೇರಿದವರು. ಸ್ವಾತಂತ್ರ್ಯ ಚಳವಳಿಯಲ್ಲಿ ಭಾಗವಹಿಸಿ, ಪತ್ರಿಕಾವೃತ್ತಿಯಲ್ಲಿ ಪಳಗಿ, ಅ.ನ. ಕೃಷ್ಣರಾಯರು ಮುಂದೆ ನಿಂತು ನಡೆಸಿದ ಪ್ರಗತಿಶೀಲ ಚಳವಳಿಯ ಪ್ರಮುಖ ಲೇಖಕರಲ್ಲಿ ಒಬ್ಬರಾದರು. ನಿರಂಜನ, ಬಸವರಾಜ ಕಟ್ಟೀಮನಿ, ಚದುರಂಗ ಮೊದಲಾದವರಿದ್ದ ಈ ಗುಂಪಿನ ಬರವಣಿಗೆಯಿಂದ ಕನ್ನಡದಲ್ಲಿ ಕಾದಂಬರಿಯ ಓದು ವಿದ್ವಾಂಸರ ವಲಯವನ್ನು ದಾಟಿ ಸಾಮಾನ್ಯರ ಮನೆಗಳಿಗೆ ಹರಡಿತು. ಕೈಗೆಟಕುವ ಬೆಲೆಯ ಮುದ್ರಣ, ಊರೂರಿನ ವಾಚನಾಲಯಗಳು, ಬಾಡಿಗೆಗೆ ಪುಸ್ತಕ ಕೊಡುವ ಸಂಚಾರಿ ಗ್ರಂಥಾಲಯಗಳು, ವಾರಪತ್ರಿಕೆಗಳ ಧಾರಾವಾಹಿಗಳು ಇವೆಲ್ಲ ಕೂಡಿ ಒಂದು ದೊಡ್ಡ ಓದುಗವರ್ಗವನ್ನು ಸೃಷ್ಟಿಸಿದುವು. ಧಾರಾವಾಹಿಯ ಓದುಗನು ಒಂದು ಪಾತ್ರದೊಡನೆ ವಾರಗಟ್ಟಲೆ, ತಿಂಗಳುಗಟ್ಟಲೆ ಬಾಳುತ್ತಿದ್ದನು. ಮುಂದೇನಾಗುವುದೆಂದು ಊಹಿಸುತ್ತಿದ್ದನು, ಮನೆಮಂದಿಯೊಡನೆ ಚರ್ಚಿಸುತ್ತಿದ್ದನು. ಪಾತ್ರಕ್ಕೆ ಮುಖವನ್ನೂ ದನಿಯನ್ನೂ ಕೊಟ್ಟುಕೊಂಡವನು ಅವನೇ.

ಇಂತಹ ಓದುಗವರ್ಗದ ಅಸ್ತಿತ್ವವೇ ಚಿತ್ರರಂಗವನ್ನು ಕಾದಂಬರಿಯ ಕಡೆಗೆ ಸೆಳೆಯಿತು. ಕೃಷ್ಣಮೂರ್ತಿ ಪುರಾಣಿಕರ ‘ಧರ್ಮದೇವತೆ’ಯನ್ನು ಆಧರಿಸಿ ೧೯೬೨ರಲ್ಲಿ ತೆರೆಗೆ ಬಂದ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರವನ್ನು ಕಾದಂಬರಿ ಆಧಾರಿತ ಕನ್ನಡ ಚಿತ್ರಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ೧೯೬೪ರಲ್ಲಿ ತ.ರಾ.ಸು. ಅವರ ‘ಚಂದವಳ್ಳಿಯ ತೋಟ’ ಟಿ.ವಿ. ಸಿಂಗ್ ಠಾಕೂರರ ನಿರ್ದೇಶನದಲ್ಲಿ ಚಿತ್ರವಾಗಿ, ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರೀಯ ಮನ್ನಣೆಯನ್ನು ಪಡೆಯಿತು. ಮುಂದಿನ ಎರಡು ದಶಕಗಳಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಭಾರತೀಸುತ, ಟಿ.ಕೆ. ರಾಮರಾವ್ ಮೊದಲಾದವರ ಕೃತಿಗಳು ಒಂದರ ಹಿಂದೊಂದು ತೆರೆಗೆ ಬಂದುವು. ಓದಿದವರು ನೋಡಲು ಬರುತ್ತಾರೆಂಬುದು ನಿರ್ಮಾಪಕರ ನಂಬಿಕೆ. ಅವರು ಬಂದರು, ಹೋಲಿಸಿ ನೋಡುವ ಕಣ್ಣನ್ನೂ ತಮ್ಮೊಡನೆ ತಂದರು.

೨. ‘ಹಂಸಗೀತೆ’: ಒಂದು ಕಾದಂಬರಿ, ಎರಡು ಚಿತ್ರಗಳು

ರೂಪಾಂತರದಲ್ಲಿ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ಅರಿಯಲು ‘ಹಂಸಗೀತೆ’ಗಿಂತ ಉತ್ತಮ ನಿದರ್ಶನ ಕನ್ನಡದಲ್ಲಿ ವಿರಳ. ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಹಿನ್ನೆಲೆಯಲ್ಲಿ ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕನ ಬಾಳನ್ನು ಚಿತ್ರಿಸುವ ಈ ಕಾದಂಬರಿಯಲ್ಲಿ ಕಲಾವಿದನು ಅರಸನ ಅಪ್ಪಣೆಗೆ ಮಣಿದು ಹಾಡುವುದರ ಬದಲು ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಕಲೆ ಯಾರ ಸ್ವತ್ತು ಎಂಬ ಪ್ರಶ್ನೆ ಕೃತಿಯ ಕೇಂದ್ರದಲ್ಲಿದೆ.

ಈ ಕೃತಿಯನ್ನು ಮೊದಲು ಕೈಗೆತ್ತಿಕೊಂಡದ್ದು ಹಿಂದಿ ಚಿತ್ರರಂಗ. ರಾಜಾ ನವಾಥೆಯವರು ನಿರ್ದೇಶಿಸಿದ ‘ಬಸಂತ್ ಬಹಾರ್’ ೧೯೫೬ರಲ್ಲಿ ತೆರೆಕಂಡಿತು. ಶಂಕರ್–ಜೈಕಿಶನ್ ಸಂಗೀತ ಸಂಯೋಜಿಸಿದ ಈ ಚಿತ್ರದಲ್ಲಿ ಪಂಡಿತ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಜೊತೆಯಾಗಿ ಹಾಡಿದರು. ಆದರೆ ದುರ್ಗದ ಕೋಟೆಯ ಸ್ಥಾನದಲ್ಲಿ ಮೊಗಲ್ ದರ್ಬಾರು ಬಂದಿತು. ಕರ್ನಾಟಕ ಸಂಗೀತದ ಸ್ಥಾನದಲ್ಲಿ ಹಿಂದುಸ್ತಾನಿ ಸಂಗೀತ ಬಂದಿತು. ಗಾಯಕ ಮತ್ತು ಅಧಿಕಾರ ಎಂಬ ಎಳೆ ಉಳಿದು, ಊರು ಮರೆಯಾಯಿತು. ತ.ರಾ.ಸು. ಅವರ ಓದುಗನಿಗೆ ಊರು ಕೇವಲ ಹಿನ್ನೆಲೆಯಲ್ಲ. ಕಲ್ಲು, ಕಣಿವೆ, ಹೊಂಡ, ಗುಡಿಗಳ ಆ ದುರ್ಗವೇ ಅವರ ಕಥನದ ಜೀವಾಳ.

ಹತ್ತೊಂಬತ್ತು ವರ್ಷಗಳ ಬಳಿಕ, ೧೯೭೫ರಲ್ಲಿ, ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಅದೇ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಅನಂತನಾಗ್ ಗಾಯಕನ ಪಾತ್ರ ವಹಿಸಿದರು. ಹಾಡಿದ ಎಂ. ಬಾಲಮುರಳಿಕೃಷ್ಣ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಊರೂ ಸಂಗೀತವೂ ಮರಳಿ ಬಂದುವು. ಅಕ್ಷರದಲ್ಲಿ ಕೇವಲ ವರ್ಣನೆಯಾಗಿದ್ದ ಸಂಗೀತವು ಕಿವಿಗೆ ಬಿದ್ದಾಗ ಓದುಗನಿಗೆ ಪುಸ್ತಕ ಕೊಡಲಾರದ ಲಾಭವೊಂದು ದೊರೆಯಿತು. ಜೊತೆಗೆ, ಭೈರವಿ ವೆಂಕಟಸುಬ್ಬಯ್ಯ ಹೀಗೆಯೇ ಹಾಡುತ್ತಿದ್ದ ಎಂಬ ತೀರ್ಮಾನವೂ ಆಗಿಹೋಯಿತು. ಅಲ್ಲಿಯವರೆಗೆ ಪ್ರತಿಯೊಬ್ಬ ಓದುಗನ ಮನಸ್ಸಿನಲ್ಲೂ ಅವನು ಬೇರೆಬೇರೆಯಾಗಿ ಹಾಡುತ್ತಿದ್ದನು.

೩. ‘ನಾಗರಹಾವು’: ಮೂರು ಕಾದಂಬರಿಗಳು, ಒಂದು ಚಿತ್ರ

‘ಹಂಸಗೀತೆ’ಯ ಸಮಸ್ಯೆ ಸ್ಥಳದ್ದಾದರೆ ‘ನಾಗರಹಾವು’ ಚಿತ್ರದ್ದು ಕಾಲದ ಸಮಸ್ಯೆ. ಎಸ್.ಆರ್. ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ, ಎನ್. ವೀರಾಸ್ವಾಮಿಯವರ ನಿರ್ಮಾಣದಲ್ಲಿ, ೧೯೭೨ರ ಡಿಸೆಂಬರ್ ೨೯ರಂದು ಬಿಡುಗಡೆಯಾದ ಈ ಚಿತ್ರಕ್ಕೆ ಆಧಾರವಾದದ್ದು ಒಂದು ಕಾದಂಬರಿಯಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು. ಮೂರು ಸಂಪುಟಗಳಲ್ಲಿ ಹರಡಿಕೊಂಡಿದ್ದ ರಾಮಾಚಾರಿಯ ಬದುಕು ಸುಮಾರು ಮೂರು ಗಂಟೆಗಳ ಅವಧಿಗೆ ಅಡಕಗೊಂಡಿತು. ಅದುವರೆಗೆ ‘ವಂಶವೃಕ್ಷ’ ಚಿತ್ರದ ಸಣ್ಣ ಪಾತ್ರವೊಂದರಲ್ಲಿ ಕಾಣಿಸಿಕೊಂಡಿದ್ದ ಸಂಪತ್ಕುಮಾರ್ ಎಂಬ ತರುಣ ವಿಷ್ಣುವರ್ಧನ್ ಎಂಬ ಹೆಸರಿನಿಂದ ನಾಯಕನಾದನು. ಅಂಬರೀಷ್ ಅವರಿಗೂ ಇದೇ ಮೊದಲ ಚಿತ್ರ. ಆರತಿ ಅಲಮೇಲುವಾಗಿಯೂ ಶುಭಾ ಮಾರ್ಗರೆಟ್ ಆಗಿಯೂ ಕೆ.ಎಸ್. ಅಶ್ವತ್ಥ್ ಚಾಮಯ್ಯ ಮೇಷ್ಟರಾಗಿಯೂ ಅಭಿನಯಿಸಿದರು.

ಚಿತ್ರವು ಪಡೆದ ಯಶಸ್ಸು ಸುಪ್ರಸಿದ್ಧ. ತಮಿಳು, ತೆಲುಗು, ಹಿಂದಿ ಭಾಷೆಗಳಲ್ಲಿ ಅದು ಮರುನಿರ್ಮಾಣಗೊಂಡಿತು. ೧೯೭೪ರ ಹಿಂದಿ ರೂಪವಾದ ‘ಜಹರೀಲಾ ಇನ್ಸಾನ್’ ಅನ್ನು ಪುಟ್ಟಣ್ಣನವರೇ ನಿರ್ದೇಶಿಸಿದರಾದರೂ ಕನ್ನಡದ ಯಶಸ್ಸು ಅಲ್ಲಿ ಮರುಕಳಿಸಲಿಲ್ಲ. ಕನ್ನಡದಲ್ಲಿ ಚಿತ್ರವನ್ನು ಗೆಲ್ಲಿಸಿದ ಪ್ರೇಕ್ಷಕರಲ್ಲಿ ತ.ರಾ.ಸು. ಅವರ ಓದುಗರೂ ಇದ್ದರು. ಅವರ ಅತೃಪ್ತಿಗೆ ನುಡಿಕೊಟ್ಟವರು ಸ್ವತಃ ಕಾದಂಬರಿಕಾರರು. ಪುಟ್ಟಣ್ಣನವರು ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ತ.ರಾ.ಸು. ಬೇಸರಿಸಿದರೆಂಬ ಮಾತು ಕನ್ನಡ ಸಾಹಿತ್ಯ ಮತ್ತು ಚಿತ್ರ ವಲಯಗಳೆರಡರಲ್ಲೂ ಇಂದಿಗೂ ಪ್ರಚಲಿತವಾಗಿದೆ. ನಾಡಿನ ರೈತಾಪಿ ಜನಕ್ಕೆ ಕೇರೆಯ ಗುಣ ಗೊತ್ತು. ಅದು ಉದ್ದವಾಗಿ, ನೋಡಲು ಭಯಂಕರವಾಗಿ ಇರಬಹುದು, ಅದಕ್ಕೆ ವಿಷವಿಲ್ಲ. ರೂಪ ಉಳಿದು ವಿಷ ಹೋಯಿತೆಂಬ ಈ ಆಕ್ಷೇಪವು ಅರ್ಧ ಶತಮಾನ ಬಾಳಿರುವುದಕ್ಕೆ ಕಾರಣ ಅದರ ಚಮತ್ಕಾರವೊಂದೇ ಅಲ್ಲ. ಅನೇಕ ಓದುಗರು ತಮ್ಮ ಅನುಭವವನ್ನೇ ಅದರಲ್ಲಿ ಗುರುತಿಸಿಕೊಂಡರು.

ಈ ಅಸಮಾಧಾನವನ್ನು ಬಿಡಿಸಿ ನೋಡಿದರೆ ಮೂರು ಅಂಶಗಳು ಕಾಣುತ್ತವೆ. ಮೊದಲನೆಯದು ಕಾಲದ ಸಂಕ್ಷೇಪ. ಮೂರು ಕಾದಂಬರಿಗಳ ಓದುಗನು ರಾಮಾಚಾರಿಯ ಸಿಟ್ಟು, ಹಟ, ಮಮತೆಗಳನ್ನು ಬಿಡುವು ಕೊಟ್ಟುಕೊಂಡು ಅರಿಯುತ್ತಾನೆ; ಒಂದು ಪುಸ್ತಕ ಮುಗಿದು ಇನ್ನೊಂದು ಕೈಸೇರುವ ನಡುವೆ ಓದುಗನೂ ಬೆಳೆಯುತ್ತಾನೆ. ಚಿತ್ರಕ್ಕೆ ಆ ಬಿಡುವಿಲ್ಲ. ಎರಡನೆಯದು ಮುಖದ ನಿಶ್ಚಯ. ಅಶ್ವತ್ಥರ ಅಭಿನಯವನ್ನು ಕಂಡ ಬಳಿಕ ಕಾದಂಬರಿಯ ಚಾಮಯ್ಯ ಮೇಷ್ಟರಿಗೆ ಬೇರೊಂದು ಮುಖವನ್ನು ಊಹಿಸಿಕೊಳ್ಳುವುದು ಓದುಗನಿಗೆ ಅಸಾಧ್ಯವಾಯಿತು. ಇದು ನಟನ ದೋಷವಲ್ಲ, ಅವನ ಗೆಲುವು. ಗೆದ್ದದ್ದರಿಂದಲೇ ಓದುಗನ ಮೇಷ್ಟರು ಅಳಿಸಿಹೋದರು. ಮೂರನೆಯದು ಆಯ್ಕೆ. ಮೂರು ಹೆಸರುಗಳಲ್ಲಿ ಒಂದನ್ನೇ ಚಿತ್ರ ಉಳಿಸಿಕೊಂಡಿತು. ‘ಒಂದು ಗಂಡು ಎರಡು ಹೆಣ್ಣು’ ಎಂಬ ಹೆಸರು ಇಬ್ಬರು ಸ್ತ್ರೀಯರನ್ನು ಕಥೆಯ ತಕ್ಕಡಿಯಲ್ಲಿ ಇಡುತ್ತದೆ. ‘ಸರ್ಪಮತ್ಸರ’ ಎಂಬುದು ದ್ವೇಷದ ದೀರ್ಘಾಯುಷ್ಯವನ್ನು ಸೂಚಿಸುತ್ತದೆ. ‘ನಾಗರಹಾವು’ ಎಂಬ ಒಂದೇ ಹೆಸರು ಕಥೆಯನ್ನೆಲ್ಲ ನಾಯಕನ ಸ್ವಭಾವದ ಸುತ್ತ ಕಟ್ಟಿಹಾಕಿತು.

ಹಾಗಿದ್ದರೆ ವಿಷವು ನಿಜವಾಗಿ ಹೋಯಿತೇ? ಚಿತ್ರವನ್ನು ಅದರ ನೆಲೆಯಲ್ಲಿ ಪರಿಶೀಲಿಸಿದಾಗ ಉತ್ತರ ಅಷ್ಟು ಸುಲಭವಲ್ಲವೆಂದು ತಿಳಿಯುತ್ತದೆ. ಚಾಮಯ್ಯ ಮೇಷ್ಟರು ಪ್ರೀತಿಯ ಹೆಸರಿನಲ್ಲಿ ರಾಮಾಚಾರಿಯಿಂದ ತ್ಯಾಗವನ್ನು ಬೇಡುತ್ತಾರೆ. ಗುರುವಿನ ಮಾತಿಗೆ ಕಟ್ಟುಬಿದ್ದು ಅವನು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳನ್ನು ಕಾಣುವುದು ಗಂಡನಿಂದಲೇ ವೇಶ್ಯಾವೃತ್ತಿಗೆ ನೂಕಲ್ಪಟ್ಟ ಸ್ಥಿತಿಯಲ್ಲಿ. ಮಾರ್ಗರೆಟ್ಟಳ ವಿಷಯದಲ್ಲಿ ಗುರು ಮತ್ತೆ ಅಡ್ಡ ಬಂದಾಗ, ಮೊದಲ ಸಲ ಜಾತಿಯಾಗಿದ್ದ ಗೋಡೆ ಈಗ ಮತವಾಗಿರುತ್ತದೆ. ಗುರುವೂ ಶಿಷ್ಯನೂ ಅವನನ್ನು ನಂಬಿದ ಹುಡುಗಿಯೂ ಸಾವಿಗೀಡಾಗುವಲ್ಲಿ ಕಥೆ ಮುಗಿಯುತ್ತದೆ. ಇಲ್ಲಿ ವಿಷವಿರುವುದು ಹುಡುಗನ ಕೋಪದಲ್ಲಿ ಮಾತ್ರವಲ್ಲ, ಒಳ್ಳೆಯವನೊಬ್ಬನ ಹಿತವಚನದಲ್ಲಿ. ಪುಟ್ಟಣ್ಣನವರು ವಿಷವನ್ನು ತೆಗೆಯಲಿಲ್ಲ. ಅದರ ಸ್ಥಾನವನ್ನು ಬದಲಿಸಿದರು ಎನ್ನುವುದು ಹೆಚ್ಚು ಸಮಂಜಸ. ಓದುಗನ ಎರಡೂ ಭಾವಗಳಿಗೆ ಆಧಾರವಿದೆ ಎಂಬುದು ಇದರಿಂದ ಸ್ಪಷ್ಟ. ತಾನು ಓದಿದ್ದು ಇದಲ್ಲ ಎಂಬುದೂ ನಿಜ, ಕಂಡದ್ದು ತನ್ನನ್ನು ಕಾಡಿತು ಎಂಬುದೂ ನಿಜ.

೪. ಇತರ ಕಾದಂಬರಿಕಾರರ ಅನುಭವ

ಈ ದ್ವಂದ್ವ ತ.ರಾ.ಸು. ಅವರ ಓದುಗರಿಗೆ ಮಾತ್ರ ಸೀಮಿತವಾದುದಲ್ಲ. ಆದರೆ ಎಲ್ಲೆಡೆ ಅದರ ಸ್ವರೂಪ ಒಂದೇ ಅಲ್ಲ. ತ್ರಿವೇಣಿಯವರು ೧೯೬೩ರಲ್ಲಿಯೇ, ಇನ್ನೂ ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡಿದ್ದರು. ‘ಬೆಳ್ಳಿಮೋಡ’ (೧೯೬೭), ‘ಹಣ್ಣೆಲೆ ಚಿಗುರಿದಾಗ’ (೧೯೬೮), ‘ಶರಪಂಜರ’ (೧೯೭೧) ಚಿತ್ರಗಳಲ್ಲಿ ಯಾವುದನ್ನೂ ಅವರು ನೋಡಲಿಲ್ಲ. ಒಪ್ಪಲು ಅಥವಾ ಆಕ್ಷೇಪಿಸಲು ಲೇಖಕಿಯೇ ಇಲ್ಲದಿದ್ದಾಗ ಆ ಹೊಣೆ ಓದುಗರ, ಅದರಲ್ಲಿಯೂ ಸ್ತ್ರೀ ಓದುಗರ ಮೇಲೆ ಬಿದ್ದಿತು. ಮನೋರೋಗಕ್ಕೆ ತುತ್ತಾದ ಕಾವೇರಿಯನ್ನು ಸಮಾಜ ನಡೆಸಿಕೊಳ್ಳುವ ಬಗೆಯನ್ನು ಕುರಿತ ‘ಶರಪಂಜರ’ದಲ್ಲಿ ಕಲ್ಪನಾ ಅವರ ಅಭಿನಯವು ಪಾತ್ರವನ್ನು ನಾಡಿನಾದ್ಯಂತ ಪರಿಚಯಿಸಿತು. ಅಂತರಂಗದ ಸೂಕ್ಷ್ಮ ನಿರೂಪಣೆಯನ್ನು ಓದಿ ಬಂದವರಿಗೆ ಅದು ಬಹಿರಂಗದ ಆವೇಶವಾಗಿ ಮಾರ್ಪಟ್ಟುದೂ ಕಾಣಿಸದಿರಲಿಲ್ಲ.

ಎಸ್.ಎಲ್. ಭೈರಪ್ಪನವರ (೧೯೩೧–೨೦೨೫) ವಿಷಯದಲ್ಲಿ ಪ್ರಶ್ನೆ ಬೇರೆ. ‘ವಂಶವೃಕ್ಷ’ ಹಾಗೂ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಗಳನ್ನು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಜೊತೆಗೂಡಿ ಚಿತ್ರವಾಗಿಸಿದರು. ‘ನಾಯಿ ನೆರಳು’ ೨೦೦೬ರಲ್ಲಿ ಗಿರೀಶ ಕಾಸರವಳ್ಳಿಯವರ ಕೈಯಲ್ಲಿ ಚಿತ್ರವಾಯಿತು. ಇಲ್ಲಿ ಕಾದಂಬರಿಕಾರನ ಜೀವನದೃಷ್ಟಿಗೂ ನಿರ್ದೇಶಕರ ಜೀವನದೃಷ್ಟಿಗೂ ಇದ್ದ ಅಂತರವೇ ಚರ್ಚೆಯ ವಸ್ತು. ‘ನಾಯಿ ನೆರಳು’ ಕಾದಂಬರಿಯಲ್ಲಿ ಪುನರ್ಜನ್ಮದ ನಂಬಿಕೆ ಎತ್ತುವ ತಾತ್ತ್ವಿಕ ಜಿಜ್ಞಾಸೆ ಮುಂದಿದ್ದರೆ, ಚಿತ್ರದಲ್ಲಿ ಆ ನಂಬಿಕೆಯ ನಡುವೆ ಸಿಲುಕಿದ ವಿಧವೆಯ ಬದುಕು ಮುಂದೆ ಬರುತ್ತದೆ. ಹೀಗೆ ದೃಷ್ಟಿಕೋನವೇ ಪಲ್ಲಟಗೊಂಡಾಗ ನಿಷ್ಠೆಯ ಅಳತೆಗೋಲು ಹೆಚ್ಚು ಉಪಯೋಗಕ್ಕೆ ಬಾರದು. ತ.ರಾ.ಸು. ಅವರ ನಿದರ್ಶನ ಈ ಎರಡರಿಂದಲೂ ಭಿನ್ನ. ಅಲ್ಲಿ ಲೇಖಕರು ಜೀವಂತರಿದ್ದರು. ಕಾದಂಬರಿಕಾರನೂ ನಿರ್ದೇಶಕನೂ ಒಂದೇ ಜನಸಮುದಾಯವನ್ನು ಉದ್ದೇಶಿಸಿ ಮಾತನಾಡುವ ಜನಪ್ರಿಯ ಕಲಾವಿದರಾಗಿದ್ದರು. ಓದುಗ ಯಾರವನು ಎಂಬ ಪ್ರಶ್ನೆ ಅಲ್ಲಿ ನೇರವಾಗಿ ಎದ್ದಿತು.

ಅವರ ಭಿನ್ನಾಭಿಪ್ರಾಯ ಸಂಬಂಧವನ್ನು ಕಡಿಯಲಿಲ್ಲವೆಂಬುದೂ ಇಲ್ಲಿ ಉಲ್ಲೇಖನೀಯ. ಪುಟ್ಟಣ್ಣನವರ ಕೊನೆಯ ಚಿತ್ರ ‘ಮಸಣದ ಹೂವು’ ತ.ರಾ.ಸು. ಅವರ ಕೃತಿಯನ್ನೇ ಆಧರಿಸಿದ್ದು. ಕಾದಂಬರಿಕಾರರು ೧೯೮೪ರ ಏಪ್ರಿಲ್‌ನಲ್ಲಿಯೂ ನಿರ್ದೇಶಕರು ೧೯೮೫ರ ಜೂನ್‌ನಲ್ಲಿಯೂ ನಿಧನರಾದರು. ಚಿತ್ರವನ್ನು ಪೂರ್ಣಗೊಳಿಸಿದವರು ಕೆ.ಎಸ್.ಎಲ್. ಸ್ವಾಮಿ.

೫. ಹೊಸ ಪುಸ್ತಕ: ‘ದುರ್ಗಾಸ್ತಮಾನ’

‘ನಾಗರಹಾವು’ ಚಿತ್ರ ತೆರೆಕಂಡ ಹತ್ತು ವರ್ಷಗಳ ಅನಂತರ, ೧೯೮೨ರಲ್ಲಿ, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಪ್ರಕಟವಾಯಿತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲಾದ ಕೃತಿಗಳಲ್ಲಿ ಅವರು ದಶಕಗಳ ಕಾಲ ಕಟ್ಟುತ್ತ ಬಂದಿದ್ದ ಚಿತ್ರದುರ್ಗದ ಪಾಳೆಯಗಾರರ ಕಥಾಸರಣಿಯ ಸಮಾಪ್ತಿ ಅದು. ಕೊನೆಯ ದೊರೆ ಮದಕರಿ ನಾಯಕನ ಆಳ್ವಿಕೆ ಮತ್ತು ೧೭೭೯ರಲ್ಲಿ ಹೈದರಾಲಿಯಿಂದ ಆದ ದುರ್ಗದ ಪತನ ಅದರ ವಸ್ತು. ಲೇಖಕರ ಮರಣಾನಂತರ, ೧೯೮೫ರಲ್ಲಿ, ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಈ ಹೊಸ ಪುಸ್ತಕವನ್ನು ಕೈಗೆತ್ತಿಕೊಂಡ ಓದುಗನ ಸ್ಥಿತಿಯನ್ನು ವಿಶೇಷವಾಗಿ ಗಮನಿಸಬೇಕು. ೧೯೫೦ರ ದಶಕದ ಓದುಗನಲ್ಲಿ ದುರ್ಗದ ಚಿತ್ರವನ್ನು ಮೂಡಿಸಿದ್ದು ಬಹುಮಟ್ಟಿಗೆ ತ.ರಾ.ಸು. ಅವರ ವಾಕ್ಯಗಳು. ೧೯೮೨ರ ಓದುಗನು ಆ ಕೋಟೆಯನ್ನು ಆಗಲೇ ತೆರೆಯ ಮೇಲೆ ಕಂಡಿದ್ದನು. ಬಂಡೆಗಳ ಮೇಲೆ ರಾಮಾಚಾರಿ ಓಡಾಡಿದ್ದನ್ನು ನೋಡಿದ್ದನು. ಅದಕ್ಕಿಂತ ಮುಖ್ಯವಾಗಿ, ಸಾಮಾಜಿಕ ಕಥೆಯ ನಡುವೆಯೇ ಪುಟ್ಟಣ್ಣನವರು ಒನಕೆ ಓಬವ್ವಳ ಸಾಹಸವನ್ನು ಗೀತೆಯೊಂದರ ಮೂಲಕ ಅಳವಡಿಸಿದ್ದರು. ಜಯಂತಿ ಓಬವ್ವಳಾಗಿ ಕಾಣಿಸಿಕೊಂಡ ಆ ದೃಶ್ಯ ಹೈದರನ ಮುತ್ತಿಗೆಯ ಕಾಲದ್ದು, ಅಂದರೆ ‘ದುರ್ಗಾಸ್ತಮಾನ’ದ ಕಾಲಘಟ್ಟಕ್ಕೆ ಸೇರಿದ್ದು. ಕಾದಂಬರಿಕಾರನ ಸಾಮಾಜಿಕ ಕೃತಿಯನ್ನು ಚಿತ್ರಿಸುವಾಗ ನಿರ್ದೇಶಕನು ಅವನ ಐತಿಹಾಸಿಕ ಕೃತಿಗಳ ಲೋಕವನ್ನೂ ಅದರೊಳಗೆ ತಂದನೆಂದು ಇದನ್ನು ಅರ್ಥೈಸಬಹುದು. ನಿಷ್ಠೆಯ ಲೆಕ್ಕದಲ್ಲಿ ಇದು ಕಥೆಗೆ ಹೊರಗಿನ ಸೇರ್ಪಡೆ, ತ.ರಾ.ಸು. ಅವರನ್ನು ಇಡಿಯಾಗಿ ಓದಿದವನಿಗೆ ಇದು ಹೊರಗಿನದಲ್ಲ.

ಆದರೂ ‘ದುರ್ಗಾಸ್ತಮಾನ’ವು ಚಿತ್ರದಿಂದ ಬಂದ ಓದುಗನನ್ನು ಬೇರೆಡೆಗೆ ಕರೆದೊಯ್ಯುತ್ತದೆ. ಗೀತೆಯ ದುರ್ಗ ಗೆಲುವಿನ ದುರ್ಗ. ಕಿಂಡಿಯಲ್ಲಿ ನುಸುಳಿ ಬಂದ ಶತ್ರುಗಳು ಒಬ್ಬೊಬ್ಬರಾಗಿ ಉರುಳುವ ದುರ್ಗ. ಕಾದಂಬರಿಯ ದುರ್ಗ ಬೀಳುವ ದುರ್ಗ. ಮೂರು ಗಂಟೆಗಳಲ್ಲಿ ಮುಗಿಯುವ ಕಥನಕ್ಕೆ ಒಂದು ಉಜ್ವಲ ಕ್ಷಣ ಸಾಕು. ನೂರಾರು ಪುಟಗಳ ಕಥನವು ಆ ಕ್ಷಣದ ಆಚೆಗಿನ ಸೋಲನ್ನೂ ಅದರ ಕಾರಣಗಳನ್ನೂ ಹೊರಬೇಕಾಗುತ್ತದೆ. ಚಿತ್ರವು ಪುಸ್ತಕವನ್ನು ನುಂಗಿಹಾಕುತ್ತದೆಂಬ ಭೀತಿಗೆ ಈ ಕೃತಿಯೇ ಒಂದು ಉತ್ತರ. ದುರ್ಗದ ಕಥೆಯನ್ನು ಮತ್ತೆ ಅಕ್ಷರದಲ್ಲಿ ಹೇಳಿ, ತೆರೆಯ ಮೇಲಿನ ದುರ್ಗವನ್ನು ಕಂಡವರೂ ಓದುವಂತೆ ಮಾಡಲು ತ.ರಾ.ಸು. ಅವರಿಗೆ ಸಾಧ್ಯವಾಯಿತು.

೬. ಕೃತಿಕಾರನ ಅನಂತರ

ಲೇಖಕರ ಮರಣದ ಬಳಿಕವೂ ರೂಪಾಂತರ ನಿಲ್ಲಲಿಲ್ಲ. ೧೯೯೩ರಲ್ಲಿ ಟಿ.ಎಸ್. ನಾಗಾಭರಣರು ‘ಆಕಸ್ಮಿಕ’, ‘ಅಪರಾಧಿ’, ‘ಪರಿಣಾಮ’ ಎಂಬ ಮೂರು ಕಾದಂಬರಿಗಳನ್ನು ಬೆಸೆದು ರಾಜ್‌ಕುಮಾರ್ ಅಭಿನಯದ ‘ಆಕಸ್ಮಿಕ’ ಚಿತ್ರವನ್ನು ನಿರ್ಮಿಸಿಕೊಟ್ಟರು. ಮೂರನ್ನು ಒಂದಾಗಿಸುವ ‘ನಾಗರಹಾವು’ ಪದ್ಧತಿಯೇ ಇಲ್ಲಿಯೂ ಮುಂದುವರಿಯಿತು. ಇನ್ನೊಂದೆಡೆ ರಾಮಾಚಾರಿ ಎಂಬ ಹೆಸರು ಕಾದಂಬರಿಯನ್ನೂ ಮೊದಲ ಚಿತ್ರವನ್ನೂ ಬಿಟ್ಟು ಸ್ವತಂತ್ರವಾಯಿತು. ೧೯೯೧ರ ‘ರಾಮಾಚಾರಿ’, ೨೦೧೪ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಚಿತ್ರಗಳ ಕಥೆಗಳಿಗೂ ತ.ರಾ.ಸು. ಅವರ ಕಥೆಗೂ ಸಂಬಂಧವಿಲ್ಲ. ಹೆಸರು ಮಾತ್ರ ನೆನಪನ್ನು ಎಬ್ಬಿಸುತ್ತದೆ. ‘ನಾಗರಹಾವು’ ಚಿತ್ರವೇ ತಾಂತ್ರಿಕವಾಗಿ ನವೀಕರಣಗೊಂಡು ೨೦೧೮ರ ಜುಲೈನಲ್ಲಿ ಮರಳಿ ತೆರೆಕಂಡಿತು. ಕಾದಂಬರಿಯನ್ನು ಓದಿ ಚಿತ್ರಕ್ಕೆ ಬಂದ ತಲೆಮಾರಿನ ಸ್ಥಾನದಲ್ಲಿ, ಚಿತ್ರವನ್ನು ನೋಡಿ ಕಾದಂಬರಿಯನ್ನು ಹುಡುಕುವ ತಲೆಮಾರು ಈಗ ಬಂದಿದೆ. ಮೊದಲನೆಯವರಿಗೆ ಚಿತ್ರವು ಪುಸ್ತಕದ ಕೊರತೆಯುಳ್ಳ ಪ್ರತಿರೂಪ. ಎರಡನೆಯವರಿಗೆ ಪುಸ್ತಕವೇ ಅಪರಿಚಿತ ರೂಪ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟಪಡುತ್ತವೆ. ಜನಪ್ರಿಯ ಕಾದಂಬರಿಯ ಓದುಗನು ಕೃತಿಯ ಮೇಲೆ ಸ್ಥಾಪಿಸಿಕೊಳ್ಳುವ ಸ್ವಾಮ್ಯ ಖಾಸಗಿಯಾದುದು. ಚಲನಚಿತ್ರ ಸ್ಥಾಪಿಸುವ ಸ್ವಾಮ್ಯ ಸಾಮುದಾಯಿಕವಾದುದು. ಒಬ್ಬನೇ ವ್ಯಕ್ತಿ ಎರಡರಲ್ಲೂ ಪಾಲುದಾರನಾದಾಗ ದ್ವಂದ್ವ ಅನಿವಾರ್ಯ. ‘ಬಸಂತ್ ಬಹಾರ್’ ಊರನ್ನು ಕಳೆಯಿತು. ‘ಹಂಸಗೀತೆ’ ಚಿತ್ರ ನಾದವನ್ನು ಕೊಟ್ಟು ಕಲ್ಪನೆಯನ್ನು ಕಟ್ಟಿಹಾಕಿತು. ‘ನಾಗರಹಾವು’ ಕಾಲವನ್ನು ಕುಗ್ಗಿಸಿ ಕಥೆಯನ್ನು ನಾಡಿನ ನೆನಪಾಗಿಸಿತು. ಪ್ರತಿಯೊಂದರಲ್ಲೂ ಲಾಭನಷ್ಟಗಳು ಬೇರೆಬೇರೆಯಾಗಿರುವುದರಿಂದ ನಿಷ್ಠೆ ಎಂಬ ಒಂದೇ ಮಾನದಂಡ ಸಾಲದು.

ಇದರಿಂದ ಗ್ರಂಥಾಲಯಗಳಿಗೂ ಸಂಶೋಧಕರಿಗೂ ಒಂದು ಕರ್ತವ್ಯ ಒದಗುತ್ತದೆ. ‘ನಾಗರಹಾವು’ ಚಿತ್ರವನ್ನು ಕಂಡು ಪುಸ್ತಕವನ್ನು ಕೇಳಿಕೊಂಡು ಬರುವವನಿಗೆ ಅದೇ ಹೆಸರಿನ ಒಂದು ಸಂಪುಟವಷ್ಟೇ ದೊರೆತರೆ, ಉಳಿದೆರಡು ಕಾದಂಬರಿಗಳ ಅಸ್ತಿತ್ವವೇ ಅವನಿಗೆ ತಿಳಿಯದೆ ಹೋಗಬಹುದು. ‘ಅಪರಾಧಿ’, ‘ಪರಿಣಾಮ’ಗಳ ಪಾಡೂ ಅದೇ. ಗ್ರಂಥಸೂಚಿಗಳಲ್ಲಿ ಇಂತಹ ಕೃತಿಗಳನ್ನು ಪರಸ್ಪರ ಸೂಚಿಸಿ ಒಟ್ಟಿಗೆ ತೋರಿಸುವುದು ಅಗತ್ಯ. ಹಳೆಯ ವಾರಪತ್ರಿಕೆಗಳ ಓದುಗರ ಪತ್ರಗಳು, ಗ್ರಂಥಾಲಯಗಳ ಎರವಲು ದಾಖಲೆಗಳು, ಚಿತ್ರ ಬಿಡುಗಡೆಯ ಬಳಿಕ ಬಂದ ಮರುಮುದ್ರಣಗಳು ಇವನ್ನು ಒಟ್ಟುಗೂಡಿಸಿ ಸಂರಕ್ಷಿಸಿದರೆ ಓದುಗನ ದನಿಯನ್ನು ಅವನ ಮಾತಿನಲ್ಲಿಯೇ ಕೇಳಲು ಸಾಧ್ಯವಾಗುತ್ತದೆ. ಕಾದಂಬರಿಕಾರನ ಒಂದು ಬೇಸರದ ಮಾತು ಐವತ್ತು ವರ್ಷ ಉಳಿದು ಬಂದಿದೆ. ಅದನ್ನು ಉಳಿಸಿದ ಸಾವಿರಾರು ಓದುಗರ ಅಭಿಪ್ರಾಯಗಳೂ ಕನ್ನಡ ಕಾದಂಬರಿಯ ಚರಿತ್ರೆಯ ಭಾಗವೆಂದು ಪರಿಗಣಿತವಾಗಬೇಕು.